ಮೊಬೈಲ್ ಉದ್ಯಮದ ಮುನ್ನಂದಾಜುಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಹೊಸ ತಂತ್ರಜ್ಞಾನ ಯಾವಾಗ ಬರುತ್ತದೆ ಎಂಬ ಅಂದಾಜನ್ನು ಬಹುಮಟ್ಟಿಗೆ ನಂಬಬಹುದು. ಜನ ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂಬ ಅಂದಾಜನ್ನು ನಂಬುವುದು ಕಷ್ಟ. 2ಜಿ 1991ರಲ್ಲಿ, 3ಜಿ 2001ರಲ್ಲಿ, 4ಜಿ 2009ರಲ್ಲಿ, 5ಜಿ 2019ರಲ್ಲಿ ವಾಣಿಜ್ಯ ಬಳಕೆಗೆ ಬಂದುದನ್ನು ಗಮನಿಸಿದರೆ ಸುಮಾರು ಹತ್ತು ವರ್ಷಕ್ಕೊಂದು ತಲೆಮಾರು ಎಂಬ ಲಯ ಎದ್ದು ಕಾಣುತ್ತದೆ. 6ಜಿಯ ಚೌಕಟ್ಟಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಐಎಂಟಿ-2030 ಎಂದು ಹೆಸರಿಟ್ಟಿರುವುದೂ ಇದಕ್ಕೆ ಹೊಂದುತ್ತದೆ.

ಬಳಕೆಯ ಮಾತು ಬೇರೆ. ವಿಡಿಯೋ ಕರೆ 3ಜಿಯ ದೊಡ್ಡ ಆಕರ್ಷಣೆಯಾಗಲಿದೆ ಎಂಬ ಭರವಸೆಯ ದಿನಗಳಲ್ಲಿ, ಅಂದರೆ 2000ದಲ್ಲಿ, ಬ್ರಿಟನ್ನಿನ ತರಂಗಾಂತರ ಹರಾಜಿನಲ್ಲಿ ಕಂಪನಿಗಳು ಸುಮಾರು 2,250 ಕೋಟಿ ಪೌಂಡ್ ಸುರಿದವು. ಡೇಟಾ ಬಳಕೆ ನಿಜವಾಗಿ ಜಿಗಿದದ್ದು 2007ರಲ್ಲಿ ಐಫೋನ್ ಬಂದ ಮೇಲೆ. ಅತ್ತ, ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಿರದ 160 ಅಕ್ಷರಗಳ ಎಸ್ಸೆಮ್ಮೆಸ್ ವರ್ಷಗಟ್ಟಲೆ ಆದಾಯದ ಹೊಳೆಯನ್ನೇ ಹರಿಸಿತು.

ವೇಗದ ಅಂದಾಜುಗಳಲ್ಲೂ ಎಚ್ಚರ ಬೇಕು. 5ಜಿಯ ಅತಿ ಹೆಚ್ಚಿನ ವೇಗ ಸಿಗುವುದು ಮಿಲಿಮೀಟರ್ ತರಂಗಗಳಲ್ಲಿ, ಅಂದರೆ ಅತಿ ಹೆಚ್ಚಿನ ಆವರ್ತನದ ರೇಡಿಯೋ ತರಂಗಗಳಲ್ಲಿ. ಆದರೆ ಅವುಗಳಿಗೆ ಗೋಡೆಯಿರಲಿ, ಮರದ ದಟ್ಟ ಎಲೆಗಳೂ ಅಡ್ಡಿಯಾಗುವುದರಿಂದ ಚಿಕ್ಕ ಚಿಕ್ಕ ಆಂಟೆನಾಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ವೇಗ ಇಷ್ಟು ಪಟ್ಟು ಹೆಚ್ಚಲಿದೆ ಎಂಬ ಮುನ್ನೋಟ ಕಂಡಾಗ, ಯಾವ ತರಂಗಾಂತರದಲ್ಲಿ, ಗೋಪುರದಿಂದ ಎಷ್ಟು ದೂರದಲ್ಲಿ ಎಂದು ಮೊದಲು ಕೇಳುವುದು ಒಳ್ಳೆಯದು.