ಕುರ್ಚಿ ಖಾಲಿ ಇತ್ತು, ಒಪ್ಪಿದೆ. ಆದರೆ ಸ್ಟೇಜ್ ಮೇಲೆ ಜನ ಇದ್ದರು

ನಮಸ್ಕಾರ.

ನಿಮ್ಮ ಪತ್ರ ತಲುಪಿತು, ನಾಲ್ಕು ಪುಟ. ಮೊದಲ ಪುಟ ಓದಿ ಸಿಟ್ಟು ಬಂತು, ಎರಡನೆಯದಕ್ಕೆ ನಗು ಬಂತು, ಮೂರನೆಯದು ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಒಪ್ಪಿಬಿಟ್ಟಿದ್ದೆ. ನಾಲ್ಕನೆಯ ಪುಟದ ತುದಿಯಲ್ಲಿ ಒಂದು ಸವಾಲು ಹಾಕಿದ್ದೀರಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಪತ್ರ ಓದದ ಉಳಿದವರಿಗಾಗಿ ನಿಮ್ಮ ವಾದವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಫ್ಲೋರಿಡಾದ ಡಿಸ್ನಿ ಹಾಲಿವುಡ್ ಸ್ಟುಡಿಯೋಸ್‌ನಲ್ಲಿ 2025ರ ಜೂನ್‌ನಲ್ಲಿ ಮಪೆಟ್ ವಿಷನ್ 3-ಡಿ ಅನ್ನುವ ಬೊಂಬೆ ಫಿಲ್ಮಿನ ಷೋ ಮುಚ್ಚಿದ್ದರ ಬಗ್ಗೆ ನಾವು ಬರೆದ ಲೇಖನ ನಿಮಗೆ ಅಳುಮುಂಜಿ ಬರಹ ಅನಿಸಿದೆ. ಥೀಮ್ ಪಾರ್ಕ್ ಅಂದರೆ ಮ್ಯೂಸಿಯಂ ಅಲ್ಲ, ಹಳೆಯದು ಹೋಗಿ ಹೊಸದು ಬರಲೇಬೇಕು, ಇದನ್ನು ವಾಲ್ಟ್ ಡಿಸ್ನಿಯೇ ಹೇಳಿದ್ದಾರೆ ಅಂತೀರಿ. ಈಗ ಅಳುವವರು ಅದು ತೆರೆದಿದ್ದಾಗ ಒಳಗೆ ಕಾಲಿಡಲಿಲ್ಲ ಅಂತೀರಿ. ಇನ್ನು ಕೊನೆಯ ಮಾತು ನಿಮ್ಮದೇ ಶಬ್ದಗಳಲ್ಲಿ: "ರೈಡ್ ಹೋದರೆ ಬೇಜಾರಾಗುತ್ತೆ, ಸರಿ. ಸ್ಟೇಜ್ ಷೋ ಹೋದರೆ ಯಾಕೆ ಸ್ವಾಮಿ ಅಳಬೇಕು? ಕೂತು ನೋಡೋದಕ್ಕೆ ಅಷ್ಟು ದುಡ್ಡು ಕೊಟ್ಟು ಪಾರ್ಕಿಗೆ ಯಾರು ಹೋಗ್ತಾರೆ?"

ವಾಲ್ಟ್ ವಿಷಯ ಬೇಗ ಮುಗಿಸೋಣ. ಜಗತ್ತಿನಲ್ಲಿ ಕಲ್ಪನೆ ಅನ್ನುವುದು ಇರುವವರೆಗೂ ಡಿಸ್ನಿಲ್ಯಾಂಡ್ ಪೂರ್ತಿಯಾಗುವುದಿಲ್ಲ ಅನ್ನುವ ಅರ್ಥದ ಮಾತು ಅವರದ್ದೇ, ಸುಳ್ಳಲ್ಲ. ಪ್ರತಿ ಸಲ ಏನಾದರೂ ಮುಚ್ಚಿದಾಗ ಯಾರಾದರೊಬ್ಬರು ಇದನ್ನು ಮಂತ್ರದ ಹಾಗೆ ಹೇಳುತ್ತಾರೆ. ಅದೇ ಮನುಷ್ಯ ಬಳಸುತ್ತಿದ್ದ ಇನ್ನೊಂದು ಪದ ಇದೆ, 'ಪ್ಲಸ್ಸಿಂಗ್'. ಇದ್ದದ್ದಕ್ಕೆ ಇನ್ನೊಂದಿಷ್ಟು ಸೇರಿಸಿ ಚೆನ್ನಾಗಿ ಮಾಡು ಅಂತ ಅದರ ಅರ್ಥ. ಅವರ ಮಾತಿನಿಂದ ಎರಡೂ ಕಡೆಯ ವಾದ ಗೆಲ್ಲಬಹುದು, ಹಾಗಾಗಿ ವಾಲ್ಟ್‌ರನ್ನು ಅವರ ಪಾಡಿಗೆ ಬಿಡೋಣ.

ಎರಡನೆಯದು ನನಗೆ ನಿಜಕ್ಕೂ ಚುಚ್ಚಿತು. ಯಾಕೆಂದರೆ ನೀವು ಹೇಳಿದ್ದು ಸರಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ನಮ್ಮ ಅಭಿಮಾನಿಗಳ ಕಥೆ ಹಾಗೇ. ಮುಚ್ಚುವ ದಿನ ಗೊತ್ತಾದ ಮೇಲೆ ಕ್ಯೂ ಬೆಳೆಯುತ್ತೆ, ಫೋಟೋ ತೆಗೀತಾರೆ, ಟೀ ಶರ್ಟ್ ಮಾಡಿಸ್ತಾರೆ. ಮಪೆಟ್ ವಿಷನ್ ತೆರೆದದ್ದು 1991ರ ಮೇ 16ಕ್ಕೆ, ಮಪೆಟ್ ಬೊಂಬೆಗಳನ್ನು ಹುಟ್ಟಿಸಿದ ಜಿಮ್ ಹೆನ್ಸನ್ ತೀರಿಹೋಗಿ ಸರಿಯಾಗಿ ಒಂದು ವರ್ಷಕ್ಕೆ. ಅವರು ಕೊನೆಕೊನೆಗೆ ಕೈಹಾಕಿದ ಕೆಲಸಗಳಲ್ಲಿ ಅದೂ ಒಂದು. 34 ವರ್ಷ ಅದೇ ಫಿಲ್ಮು, ಅದೇ ಜೋಕು. ಬಿಸಿಲು ತಾಳಲಾರದೆ ಎಸಿ ಇದೆ ಅಂತ ಒಳಗೆ ಬಂದವರೇ ಜಾಸ್ತಿ ಅಂತ ನೀವು ಬರೆದದ್ದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ. ಆ ಥಿಯೇಟರಿನ ಬಾಲ್ಕನಿಯಲ್ಲಿ ಸ್ಟ್ಯಾಟ್ಲರ್, ವಾಲ್ಡಾರ್ಫ್ ಅಂತ ಇಬ್ಬರು ಮುದುಕರ ಬೊಂಬೆಗಳು ಕೂತು ಷೋ ಪೂರ್ತಿ ಗೊಣಗುತ್ತಿದ್ದವಲ್ಲ, ನಮ್ಮ ಪತ್ರಿಕೆಯ ಓದುಗರ ಅಂಕಣಕ್ಕೂ ಆ ಬಾಲ್ಕನಿಗೂ ದೊಡ್ಡ ವ್ಯತ್ಯಾಸವೇನಿಲ್ಲ. ಸಂಪಾದಕರನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಆದರೆ 'ಹೋಗಲಿಲ್ಲ, ಆದ್ದರಿಂದ ಮಾತಾಡಬೇಡ' ಅನ್ನುವುದು ಸ್ವಲ್ಪ ಬಿರುಸಾಯಿತು. ಟೋಡ್ ಅನ್ನುವ ಕಪ್ಪೆಯ ಕಾರಿನ ರೈಡ್, ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್ ನೆನಪಿಸಿಕೊಳ್ಳಿ. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅದಕ್ಕೆ ಎರಡು ಬೇರೆ ಬೇರೆ ಹಳಿ ಇದ್ದವು, ಯಾವ ಕಡೆ ಹತ್ತಿದಿರೋ ಅದರ ಮೇಲೆ ನೋಡುವ ದೃಶ್ಯ ಬೇರೆ. ಕೊನೆಗೆ ರೈಲು ಗುದ್ದಿ ನರಕಕ್ಕೇ ಹೋಗುವುದು, ಮಕ್ಕಳ ರೈಡ್‌ನಲ್ಲಿ! ಅದನ್ನು ತೆಗೀತಾರೆ ಅಂತ ಸುದ್ದಿ ಬಂದಾಗ ಅಭಿಮಾನಿಗಳು ಗುಂಪಾಗಿ ಪಾರ್ಕಿಗೇ ಹೋಗಿ, ರೈಡ್ ಹತ್ತಿ, ಪ್ರತಿಭಟನೆ ಮಾಡಿದರು. ಇವರು ಹೋದವರೇ, ಟಿಕೆಟ್ ಕೊಂಡವರೇ. ಆದರೂ 1998ರ ಸೆಪ್ಟೆಂಬರ್‌ನಲ್ಲಿ ಅದು ಮುಚ್ಚಿತು, ಮರುವರ್ಷ ಅಲ್ಲಿ ವಿನ್ನಿ ದ ಪೂ ಅನ್ನುವ ಕರಡಿಯ ರೈಡ್ ಬಂತು. ಪೂ ರೈಡ್ ಒಳಗೆ ಟೋಡ್ ತನ್ನ ಮನೆ ಪತ್ರವನ್ನು ಗೂಬೆಯ ಕೈಗೆ ಕೊಡುತ್ತಿರುವ ಒಂದು ಚಿತ್ರ ತೂಗುಹಾಕಿದ್ದಾರೆ. ಅದನ್ನು ನೋಡಿ ಸಮಾಧಾನ ಪಡುವವರೂ ಇದ್ದಾರೆ, ಇನ್ನೂ ಜಾಸ್ತಿ ಉರಿದುಕೊಳ್ಳುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಮಾತ್ರ ಟೋಡ್ 1955ರಿಂದ ಇವತ್ತಿನವರೆಗೂ ಓಡುತ್ತಿದ್ದಾನೆ.

ಈಗ ಮೂರನೆಯ ಮಾತು. ಈ ಪತ್ರಕ್ಕೆ ಉತ್ತರ ಬರೆಯಲೇಬೇಕು ಅನಿಸಿದ್ದು ಇದರಿಂದಲೇ.

ನೀವು ರೈಡ್ ಹೋದರೆ ನಷ್ಟ, ಷೋ ಹೋದರೆ ಏನೂ ಇಲ್ಲ ಅಂತೀರಿ. ನನಗೆ ಇದು ತಿರುಗುಮುರುಗು ಕಾಣುತ್ತೆ. ರೈಡ್ ಅನ್ನುವುದು ಪೂರ್ತಿ ಸಾಯುವುದು ಕಡಿಮೆ. ಅದರ ಕೈಕಾಲು ಇನ್ನೆಲ್ಲೋ ಬದುಕಿರುತ್ತೆ. ಎಲ್ಲರೂ ಕಿತ್ತಾಡಿದ ನೀರಿನ ರೈಡ್ ಸ್ಪ್ಲಾಷ್ ಮೌಂಟನ್ ಅನ್ನೇ ತೆಗೆದುಕೊಳ್ಳಿ. ಡಿಸ್ನಿಲ್ಯಾಂಡ್‌ನಲ್ಲಿ 1989ರಲ್ಲಿ ಅದು ತೆರೆದಾಗ ಒಳಗೆ ಹಾಡುತ್ತಿದ್ದ ಪ್ರಾಣಿಗಳಲ್ಲಿ ಎಷ್ಟೋ ಹೊಸವಲ್ಲ. 1974ರಿಂದ 1988ರವರೆಗೆ ನಡೆದ ಅಮೆರಿಕಾ ಸಿಂಗ್ಸ್ ಅನ್ನುವ ಬೊಂಬೆಗಳ ಪ್ರದರ್ಶನ ಮುಚ್ಚಿದಾಗ, ಅಲ್ಲಿದ್ದ ಬೊಂಬೆಗಳನ್ನು ಎತ್ತಿ ತಂದು ಇಲ್ಲಿ ಕೂರಿಸಿದ್ದರು. ಆ ಅಮೆರಿಕಾ ಸಿಂಗ್ಸ್ ಇದ್ದ ಸುತ್ತುವ ಕಟ್ಟಡದಲ್ಲಿ ಅದಕ್ಕೂ ಮುಂಚೆ ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಅನ್ನುವ ಇನ್ನೊಂದು ಬೊಂಬೆ ಪ್ರದರ್ಶನ ಇತ್ತು. ಅಂದರೆ ಯಾವ ರೈಡ್ ಹೋಯಿತು ಅಂತ ಲಕ್ಷಾಂತರ ಜನ ಬೇಜಾರು ಮಾಡಿಕೊಂಡರೋ, ಅದೇ ಇನ್ನೊಂದರ ಹೆಣದ ಮೇಲೆ ಕಟ್ಟಿದ್ದು.

ಸ್ಪ್ಲಾಷ್ ಮೌಂಟನ್ ಬದಲಾಯಿಸಿದ್ದು ಸರಿಯೋ ತಪ್ಪೋ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸರಿ. ಅದರ ಕಥೆ ಬಂದದ್ದು 1946ರ ಒಂದು ಸಿನಿಮಾದಿಂದ. ಕರಿಯ ಜನರನ್ನು ಅದು ತೋರಿಸಿದ ರೀತಿಗೆ ಅದು ಬಂದ ಕಾಲದಲ್ಲೇ ವಿರೋಧ ಎದ್ದಿತ್ತು, ಕಂಪನಿಯೇ ಅದನ್ನು ಹೊರಗೆ ತೋರಿಸಲು ಹಿಂಜರಿಯುತ್ತೆ. ಸಿನಿಮಾ ಬಚ್ಚಿಟ್ಟು ರೈಡ್ ಓಡಿಸುವುದು ಎಷ್ಟು ದಿನ ನಡೆಯುತ್ತೆ? 2024ರಲ್ಲಿ ಅದೇ ಜಾಗದಲ್ಲಿ ಟಿಯಾನಾಸ್ ಬಾಯೂ ಅಡ್ವೆಂಚರ್ ಬಂತು, ಮೊದಲು ಫ್ಲೋರಿಡಾದಲ್ಲಿ ಜೂನ್‌ನಲ್ಲಿ, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ನವೆಂಬರ್‌ನಲ್ಲಿ. ನೀರಿನ ಕಾಲುವೆ ಅದೇ, ಕೊನೆಯಲ್ಲಿ ಹೊಟ್ಟೆ ಕಿವುಚುವ ಆ ಇಳಿಜಾರೂ ಅದೇ, ನೆನೆಯುವುದು ಅಷ್ಟೇ. ಹಳೆಯದೇ ಬೇಕು ಅನ್ನುವವರಿಗೆ ಟೋಕಿಯೋದಲ್ಲಿ ಇನ್ನೂ ಹಳೆಯದೇ ಇದೆ. ಬೇರೆಯ ಕಥೆ ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು ಅನ್ನುವ ಜಗಳ ಬೇರೆ, ಅದನ್ನು ಬೇಕಿದ್ದರೆ ಮುಂದಿನ ಸಲ ಆಡೋಣ.

ಷೋಗೆ ಬನ್ನಿ. ಅಲಾಡಿನ್ ಅನ್ನುವ ಸಂಗೀತ ನಾಟಕ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನ ಹೈಪೀರಿಯನ್ ಥಿಯೇಟರಿನಲ್ಲಿ 2003ರಿಂದ 2016ರ ಜನವರಿವರೆಗೆ ನಡೆಯಿತು. ಹತ್ತಿರ ಹತ್ತಿರ 2,000 ಸೀಟಿನ ಥಿಯೇಟರ್ ಅದು, ಸಣ್ಣದಲ್ಲ. ಅದರಲ್ಲಿ ಜೀನಿ ಪಾತ್ರಧಾರಿಗೆ ಒಂದು ಸ್ವಾತಂತ್ರ್ಯ ಇತ್ತು, ಆ ವಾರದ ಸುದ್ದಿ, ಹೊಸ ಸಿನಿಮಾ, ಆ ದಿನ ಯಾರು ಏನು ಎಡವಟ್ಟು ಮಾಡಿಕೊಂಡರು, ಎಲ್ಲವನ್ನೂ ಜೋಕಾಗಿ ಎಳೆದು ತರುತ್ತಿದ್ದ. ಸ್ಥಳೀಯರು ಮತ್ತೆ ಮತ್ತೆ ಹೋಗುತ್ತಿದ್ದದ್ದು ಅದಕ್ಕೇ. ಆಮೇಲೆ ಅದನ್ನು ತೆಗೆದು 2016ರ ಮೇ ತಿಂಗಳಲ್ಲಿ ಫ್ರೋಜನ್ ತಂದರು. ಅದ್ದೂರಿ, ಚೆಂದ, ನನಗೇನೂ ತಕರಾರಿಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಪಾರ್ಕುಗಳು ಬಾಗಿಲು ಹಾಕಿದಾಗ ಫ್ರೋಜನ್ ನಿಂತದ್ದು ನಿಂತೇ ಹೋಯಿತು. 2023ರ ಬೇಸಿಗೆಯಲ್ಲಿ ಎರಡು ತಿಂಗಳು ಬೇರೊಂದು ಸಣ್ಣ ಷೋ ಮಾಡಿದರು, ಅದೂ ಮುಗಿಯಿತು.

ಈಗ ಹೇಳಿ, ಆ ಜೀನಿಯ ಕೈಕಾಲು ಎಲ್ಲಿ ಸಿಗುತ್ತೆ? ಬೊಂಬೆಯಾಗಿದ್ದರೆ ಎತ್ತಿ ಇನ್ನೊಂದು ರೈಡ್‌ನಲ್ಲಿ ಕೂರಿಸಬಹುದಿತ್ತು. ಎರಡು ಸಾವಿರ ಜನರ ಮುಂದೆ ಯಾವ ಜೋಕಿಗೆ ಎಷ್ಟು ಹೊತ್ತು ಕಾಯಬೇಕು, ಮಗು ಅತ್ತರೆ ಏನು ಹೇಳಬೇಕು, ಮೈಕ್ ಕೈಕೊಟ್ಟರೆ ಹೇಗೆ ಸಂಭಾಳಿಸಬೇಕು ಅನ್ನುವುದು ಗೋದಾಮಿನಲ್ಲಿ ಇಡುವ ವಸ್ತುವಲ್ಲ. ವಿಡಿಯೋ ಇದೆಯಲ್ಲ ಅನ್ನಬಹುದು. ರೈಡ್‌ನ ವಿಡಿಯೋ ನೋಡಿದರೆ ಅರ್ಧ ರೈಡ್ ಆದರೂ ಸಿಗುತ್ತೆ (ಫ್ಲೋರಿಡಾದ ಟೋಡ್ ನನಗೆ ಗೊತ್ತಿರುವುದೇ ವಿಡಿಯೋದಿಂದ, ಹತ್ತಿದವನೇ ಅಲ್ಲ, ಆದರೂ ಅವನ ಬಗ್ಗೆ ಒಂದು ಪ್ಯಾರಾ ಬರೆದೆ ನೋಡಿ). ಷೋ ವಿಡಿಯೋದಲ್ಲಿ ಸಿಗುವುದು ಯಾರದ್ದೋ ತಲೆಯ ಹಿಂಭಾಗ ಮತ್ತು ಒಡೆದ ಧ್ವನಿ.

ಷೋಗೆ ಯಾರು ಹೋಗ್ತಾರೆ ಅಂತ ಕೇಳಿದಿರಲ್ಲ, 1955ಕ್ಕೇ ಹೋಗೋಣ. ಡಿಸ್ನಿಲ್ಯಾಂಡ್ ತೆರೆದ ವರ್ಷ ಅದು. ವಾಲ್ಟ್‌ಗೆ ಸರ್ಕಸ್ ಅಂದರೆ ಪ್ರಾಣ. ಅದೇ ನವೆಂಬರ್‌ನಲ್ಲಿ ಡೇರೆ ಹಾಕಿಸಿ ಮಿಕ್ಕಿ ಮೌಸ್ ಕ್ಲಬ್ ಸರ್ಕಸ್ ಶುರು ಮಾಡಿದರು. ಜನ ಬರಲಿಲ್ಲ. ಪಾರ್ಕ್ ಸುತ್ತಲು ಬಂದವರಿಗೆ ಡೇರೆಯೊಳಗೆ ಕೂತು ಸರ್ಕಸ್ ನೋಡುವ ಪುರುಸೊತ್ತು ಎಲ್ಲಿ? ಜನವರಿಯಲ್ಲಿ ಸರ್ಕಸ್ ನಿಲ್ಲಿಸಿದರು. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲ್ಲ, ನಾನೇ ಹುಡುಕಿ ಕೊಡುತ್ತಿದ್ದೇನೆ. ಆದರೆ ಅದೇ ವರ್ಷ, ಅದೇ ಪಾರ್ಕ್, ಒಂದಿಷ್ಟು ಹೆಜ್ಜೆ ಆಚೆ ಗೋಲ್ಡನ್ ಹಾರ್ಸ್‌ಶೂ ಅನ್ನುವ, ಕೌಬಾಯ್ ಸಿನಿಮಾದ ಬಾರ್ ಥರದ ಸಲೂನ್ ಇತ್ತು. ಸಣ್ಣ ಸ್ಟೇಜ್. ತಂಪು ಪಾನೀಯ ಕುಡಿಯುತ್ತ ಹಾಡು, ಕುಣಿತ, ತಮಾಷೆ ನೋಡುವುದು. ಪಾರ್ಕಿನ ಉದ್ಘಾಟನೆಗೆ ನಾಲ್ಕು ದಿನ ಮುಂಚೆ ವಾಲ್ಟ್ ಮತ್ತು ಲಿಲಿಯನ್ ತಮ್ಮ ಮದುವೆಯ 30ನೇ ವರ್ಷ ಆಚರಿಸಿದ್ದು ಅಲ್ಲೇ. ಆ ಷೋ 1986ರವರೆಗೆ ನಡೆಯಿತು, 31 ವರ್ಷ. ಗಿನ್ನೆಸ್ ದಾಖಲೆಯನ್ನೂ ಸೇರಿತು.

ಅಲ್ಲಿ ವಾಲಿ ಬೋಗ್ ಅಂತ ಒಬ್ಬ ಹಾಸ್ಯನಟ ಇದ್ದರು. ಬಲೂನ್ ತಿರುಚಿ ಪ್ರಾಣಿ ಮಾಡುತ್ತ, ಬಾಯಿಂದ ಹಲ್ಲು ಉದುರಿದ ಹಾಗೆ ಬೀನ್ಸ್ ಕಾಳು ಉಗುಳುತ್ತ ನಗಿಸುತ್ತಿದ್ದರು. ಪಾರ್ಕಿನಲ್ಲಿ ಗೈಡ್ ಪುಸ್ತಕ ಮಾರುವ ಒಬ್ಬ ಹುಡುಗ ಬಿಡುವು ಸಿಕ್ಕಾಗಲೆಲ್ಲ ಬಂದು ಇವರನ್ನು ನೋಡುತ್ತ ನಿಲ್ಲುತ್ತಿದ್ದ. ಆ ಹುಡುಗ, ಆಮೇಲೆ ಹೆಸರಾಂತ ಹಾಸ್ಯನಟನಾದ ಸ್ಟೀವ್ ಮಾರ್ಟಿನ್. ಹಾಸ್ಯದ ಲಯವನ್ನು ಎಲ್ಲಿ ಕಲಿತೆ ಅಂತ ಕೇಳಿದರೆ ಅವರು ಬೋಗ್ ಹೆಸರು ಹೇಳುತ್ತಾರೆ. ಅಮೆರಿಕಾ ಸಿಂಗ್ಸ್‌ನ ಬೊಂಬೆಗಳು ಸ್ಪ್ಲಾಷ್ ಮೌಂಟನ್‌ಗೆ ಲಾರಿಯಲ್ಲಿ ಹೋದವೋ ಹೇಗೋ, ಬೋಗ್ ಕೈಚಳಕ ಮಾತ್ರ ಹೋದದ್ದು ಹೀಗೆ, ಬಾಗಿಲಲ್ಲಿ ನಿಂತು ನೋಡಿದ ಹುಡುಗನ ಕಣ್ಣಿನಿಂದ. ಹಾಗೆ ನೋಡಲು ದಿನಾ ಷೋ ನಡೆಯುತ್ತಿರಬೇಕು. ಎರಡು ತಿಂಗಳಿಗೆ ಬಂದು ಹೋಗುವ ಷೋದಲ್ಲಿ ಇದು ಆಗುವುದಿಲ್ಲ. ನಮ್ಮ ಲೇಖನದಲ್ಲಿ ಇದನ್ನು ಬರೆಯಬೇಕಿತ್ತು, ಬರೀ ಕಪ್ಪೆ ಕರ್ಮಿಟ್ ಹೋಯಿತು ಅಂತ ಗೋಳಾಡಿದ್ದು ನಮ್ಮ ತಪ್ಪು.

ಕಂಪನಿಗೆ ಷೋ ಮೇಲೆ ಯಾಕೆ ಪ್ರೀತಿ ಕಡಿಮೆ ಅನ್ನುವುದು ಗುಟ್ಟೇನಲ್ಲ. ರೈಡ್‌ಗೆ ಕಟ್ಟುವಾಗ ದುಡ್ಡು ಸುರಿಯಬೇಕು, ಆಮೇಲೆ ಓಡಿಸುವವರು, ರಿಪೇರಿಯವರು ಇದ್ದರೆ ಆಯಿತು, ಬೆಳಗಿನಿಂದ ರಾತ್ರಿವರೆಗೆ ನಿಲ್ಲದೆ ಜನರನ್ನು ನುಂಗುತ್ತೆ. ಷೋಗೆ ಪ್ರತಿ ದಿನ ನಟರು, ಗಾಯಕರು, ಬಟ್ಟೆ ತೊಡಿಸುವವರು, ಲೈಟಿನವರು, ಒಬ್ಬರಿಗೆ ಜ್ವರ ಬಂದರೆ ಬದಲಿಯವರು, ಎಲ್ಲರಿಗೂ ಸಂಬಳ. ಹಾಗಾಗಿ ಕತ್ತರಿ ಮೊದಲು ಬೀಳುವುದು ಅಲ್ಲೇ. ಫ್ಲೋರಿಡಾದ ಅನಿಮಲ್ ಕಿಂಗ್‌ಡಮ್ ಪಾರ್ಕಿನ ಫೈಂಡಿಂಗ್ ನೀಮೋ ಸಂಗೀತ ನಾಟಕ 2007ರಲ್ಲಿ ಶುರುವಾದಾಗ 40 ನಿಮಿಷದ ಹತ್ತಿರ ಇತ್ತು. 2020ರಲ್ಲಿ ನಿಂತು, 2022ರಲ್ಲಿ ಬೇರೆ ಹೆಸರಲ್ಲಿ ವಾಪಸು ಬಂದಾಗ ಸುಮಾರು 25 ನಿಮಿಷ. ಬಂತಲ್ಲ ಅಂತ ಸಂತೋಷ ಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅಭಿಮಾನಿಗಳ ಜಗಳದಲ್ಲಿ ಇಂಥದ್ದಕ್ಕೆ ಜಾಗವೇ ಇರುವುದಿಲ್ಲ. ಮುಚ್ಚಿದರೆ ಗದ್ದಲ, ಹದಿನೈದು ನಿಮಿಷ ಕಳುವಾದರೆ ಯಾರೂ ಕೇಳಲ್ಲ.

ಕೂಗಾಡಿ ಪ್ರಯೋಜನ ಇಲ್ಲ ಅಂತಲೂ ಬರೆದಿದ್ದೀರಿ. ಕೆಲವೊಮ್ಮೆ ಇದೆ. ಫ್ಲೋರಿಡಾದ ಎಪ್ಕಾಟ್ ಪಾರ್ಕಿನಲ್ಲಿ 1983ರಿಂದ ಇದ್ದ ಜರ್ನಿ ಇನ್‌ಟು ಇಮ್ಯಾಜಿನೇಷನ್ ರೈಡ್ ಅನ್ನು ಬದಲಾಯಿಸಿ 1999ರಲ್ಲಿ ತೆರೆದಾಗ ಅದರ ಮುದ್ದು ಡ್ರ್ಯಾಗನ್ ಫಿಗ್ಮೆಂಟ್ ಹೆಚ್ಚೂಕಡಿಮೆ ಮಾಯವಾಗಿತ್ತು. ಜನ ಎಷ್ಟು ಉಗಿದರು ಅಂದರೆ 2002ರಲ್ಲಿ ಅವನನ್ನು ವಾಪಸು ಕರೆತರಬೇಕಾಯಿತು. ಮ್ಯಾಜಿಕ್ ಕಿಂಗ್‌ಡಮ್‌ನ ಟಿಕಿ ರೂಮ್ ಅನ್ನುವ ಷೋದ ಕಥೆ ಇನ್ನೂ ಮಜಾ. 1998ರಲ್ಲಿ ಹಳೆ ಹಕ್ಕಿಗಳ ಹಾಡು ಕತ್ತರಿಸಿ ಹೊಸ ಪಾತ್ರಗಳನ್ನು ತುರುಕಿದರು. ಹಳೆಯದೇ ಚೆನ್ನಾಗಿತ್ತು ಅಂತ ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2011ರ ಜನವರಿಯಲ್ಲಿ ಒಳಗೆ ಬೆಂಕಿ ಬಿತ್ತು, ಅದೇ ವರ್ಷ ಹಳೆಯ ಷೋವನ್ನೇ ಮತ್ತೆ ಹಾಕಿದರು. ಅಂದರೆ ಪತ್ರ ಬರೆದು ಆಗದ್ದು ಬೆಂಕಿಯಿಂದ ಆಯಿತು. ಇದನ್ನು ಯಾರೂ ಸಲಹೆ ಅಂತ ತೆಗೆದುಕೊಳ್ಳಬೇಡಿ, ಸುಮ್ನೆ ಹೇಳಿದೆ.

ಒಂದು ಗಮನಿಸಿ, ಟಿಕಿ ರೂಮ್ ವಾಪಸು ಬರಲು ಸಾಧ್ಯವಾದದ್ದು ಅಲ್ಲಿ ಹಾಡುವುದು ಬೊಂಬೆ ಹಕ್ಕಿಗಳು ಅಂತ.

ಇನ್ನು ನಿಮ್ಮ ಸವಾಲು: "ಎಲ್ಲವನ್ನೂ ಉಳಿಸಿ ಅಂತೀರಲ್ಲ, ನೀವೇ ಒಂದನ್ನು ತೆಗೆಯೋದಾದರೆ ಯಾವುದು ತೆಗೀತೀರಿ? ಧೈರ್ಯ ಇದ್ದರೆ ಅಚ್ಚು ಹಾಕಿ." ಹಾಕುತ್ತಿದ್ದೇನೆ. ಡಿಸ್ನಿಲ್ಯಾಂಡ್‌ನ ಆಟೋಪಿಯಾ. 1955ರ ಮೊದಲ ದಿನದಿಂದ ಇರುವ ಪುಟ್ಟ ಕಾರುಗಳು. ಟುಮಾರೋಲ್ಯಾಂಡ್ ಅಂತ ಹೆಸರಿಟ್ಟುಕೊಂಡ ಜಾಗದಲ್ಲಿ ಪೆಟ್ರೋಲ್ ಹೊಗೆ ಕುಡಿದುಕೊಂಡು ನಿಧಾನಕ್ಕೆ ಸುತ್ತುವುದು ಯಾವ ಸೀಮೆಯ ನಾಳೆ? ಪೆಟ್ರೋಲ್ ಬಿಟ್ಟು ಬೇರೆ ದಾರಿಗೆ ಬರುತ್ತೇವೆ ಅಂತ ಕಂಪನಿ 2024ರಲ್ಲೇ ಹೇಳಿದೆ, ನನಗೆ ಅಷ್ಟು ಸಾಲದು. ಅಷ್ಟು ದೊಡ್ಡ ಜಾಗ ಖಾಲಿ ಮಾಡಿಸಿ, ಒಂದು ಸಣ್ಣ ಸ್ಟೇಜ್ ಹಾಕಿ, ನಾಲ್ಕು ಬೆಂಚು ಇಟ್ಟು, ದಿನಾ ಐದು ಷೋ ಮಾಡಿಸುತ್ತಿದ್ದೆ.

ಬೈಗುಳದ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿದ್ದೇವೆ. ದಯವಿಟ್ಟು ನಾಲ್ಕು ಪುಟ ಬರೆಯಬೇಡಿ.

— ಸಂಪಾದಕ