ಶ್ರೀಶೈಲದಿಂದ ಬಂದ ಮೇಲೆ ಊರ ದಾರಿಯಲ್ಲಿ ನಡೆಯುವುದು

ನೀವು ಕೇಳಿದ್ದು ಇದು: "ಯುಗಾದಿಗೆ ಮೊದಲ ಸಲ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದೆ. ಈಗ ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತು ಹಾಕಿದರೆ ಗಾಣದ ಎತ್ತಿನ ಹಾಗೆ ಅನ್ನಿಸುತ್ತದೆ. ಪ್ರತಿವರ್ಷ ಹೋಗುವವರು ಮುಂದಿನ ಯುಗಾದಿಯವರೆಗೆ ಏನು ಮಾಡುತ್ತೀರಿ?"

ನಾನು ಬಾದಾಮಿಯವಳು. ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತೇನೆ. 2013ರಿಂದ ಏಳು ಸಲ ನಮ್ಮ ಓಣಿಯ ಕಂಬಿಯ (ಶ್ರೀಶೈಲದ ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಪೂಜೆಯ ಕೋಲು) ಜೊತೆ ಶ್ರೀಶೈಲಕ್ಕೆ ನಡೆದಿದ್ದೇನೆ. ನೀವು ಬರೆದದ್ದು ಓದಿ ನನ್ನ ಮೊದಲ ವರ್ಷ ಕಣ್ಣ ಮುಂದೆ ಬಂತು. ಕಾಲಿನ ಬೊಬ್ಬೆ ಇನ್ನೂ ಒಣಗಿರಲಿಲ್ಲ, ಮಷಿನ್ ಮುಂದೆ ಕೂತರೆ ಕೂರಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನಲ್ಲಮಲ ಕಾಡು, ತೆರೆದರೆ ಎದುರಿನ ಗೋಡೆ. ಯಾರ ಹತ್ತಿರವೂ ಹೇಳಿಕೊಳ್ಳುವ ದುಃಖವಲ್ಲ ಅದು. ದೇವರ ದರ್ಶನ ಮಾಡಿ ಬಂದವಳು ಮಂಕಾಗಿದ್ದರೆ ಜನ ಏನು ತಿಳಿದುಕೊಳ್ಳಬೇಕು?

ಆಮೇಲೆ ನಿಧಾನವಾಗಿ ತಿಳಿಯಿತು, ನಾನು ಕಳೆದುಕೊಂಡದ್ದು ಕಾಡನ್ನಷ್ಟೇ ಅಲ್ಲ. ಯಾತ್ರೆಯ 13 ದಿನ ನನ್ನನ್ನು ಯಾರೂ "ಎಲ್ಲಿಗೆ ಹೊಂಟಿ?" ಎಂದು ಕೇಳಿರಲಿಲ್ಲ. ಕೇಳುವ ಅಗತ್ಯವೇ ಇಲ್ಲ, ಮುಂದೆ ಕಂಬಿ ಇದೆ, ಹಣೆಯ ಮೇಲೆ ವಿಭೂತಿ ಇದೆ. ಲಿಂಗಸೂಗೂರಿನ ಹೊರಗೆ ಯಾರೋ ಮಜ್ಜಿಗೆ ಕೊಡುತ್ತಾರೆ, ರಾಯಚೂರಿನ ಹತ್ತಿರ ಯಾರೋ ಬಿಸಿನೀರು ಕಾಯಿಸಿಟ್ಟು ಕಾಲು ತೊಳೆಯುತ್ತಾರೆ. ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರದಲ್ಲಿ ಕಾಡು ಹೊಕ್ಕ ಮೇಲೆ ನಾಗಲೂಟಿ, ಪೆಚ್ಚೆರುವು, ಆಮೇಲೆ ಭೀಮನ ಕೊಳ್ಳದ ಇಳಿಜಾರು, ಏರು. ಕೈಲಾಸ ದ್ವಾರದ ಕಮಾನು ಕಾಣುವ ಹೊತ್ತಿಗೆ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಅಳುತ್ತಿರುತ್ತಾರೆ. ಯಾಕೆ ನಡೆಯುತ್ತಿದ್ದೇನೆ ಎಂದು ಅಲ್ಲಿ ನಾನು ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ.

ಊರಲ್ಲಿ ಹಾಗಲ್ಲ. ಹೆಣ್ಣುಮಗಳು ಬೆಳಗಿನ ಐದೂವರೆಗೆ ಬರಿಗೈಲಿ ಹೊರಟರೆ ಮೂರು ಬಾಗಿಲು ದಾಟುವುದರೊಳಗೆ ಮೂರು ಸಲ ಕೇಳುತ್ತಾರೆ. "ಎಲ್ಲಿಗಿ ಹೊಂಟೀಯವ್ವಾ ಇಷ್ಟ್ ನಸುಕಿನ್ಯಾಗ?" ಕೇಳುವವರಲ್ಲಿ ಕೆಟ್ಟತನವಿಲ್ಲ, ನಮ್ಮ ಕಡೆ ಅದು ನಮಸ್ಕಾರವಿದ್ದ ಹಾಗೆ. ಆದರೂ ಉತ್ತರ ಬೇಕು. "ಸುಮ್ನ ಅಡ್ಡಾಡಾಕ" ಎಂದರೆ ಮುಖ ನೋಡುತ್ತಾರೆ. ಹಾಗಾಗಿ ಎಷ್ಟೋ ವರ್ಷ ನಾನು ಕೈಯಲ್ಲಿ ಏನಾದರೊಂದು ಹಿಡಿದೇ ಹೊರಟೆ. ಹಾಲಿನ ತಂಬಿಗೆ, ಹೂವಿನ ಬುಟ್ಟಿ, ಹೊಲಿದ ಕುಪ್ಪಸದ ಚೀಲ. ಕೆರೆಯ ದಂಡೆಗುಂಟ ಭೂತನಾಥನ ಗುಡಿಯವರೆಗೆ ಹೋಗಿ ಬರುವುದಕ್ಕೂ ಒಂದು ನೆಪ. ನೀವು ಗಂಡಸರೋ ಹೆಂಗಸರೋ ತಿಳಿಯದು, ಆದರೆ ಸುತ್ತು ಹಾಕುವುದು ಗಾಣದ ಎತ್ತಿನ ಕೆಲಸ ಅನ್ನಿಸುವುದರಲ್ಲೂ ಇದೇ ಇದೆ ಎಂದು ನನಗೆ ತೋರುತ್ತದೆ. "ಆರೋಗ್ಯಕ್ಕೆ ನಡೆಯುತ್ತೇನೆ" ಎಂಬುದೂ ನನ್ನ ಹಾಲಿನ ತಂಬಿಗೆಯ ಹಾಗೆ ಒಂದು ನೆಪ. ತಂಬಿಗೆ ಹಿಡಿದವಳಿಗೆ ತಂಬಿಗೆಯ ಮೇಲೆಯೇ ಲಕ್ಷ್ಯ. ಸುತ್ತು ಎಣಿಸುವವರಿಗೂ ಹಾಗೆಯೇ ಅಲ್ಲವೇ?

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಅದೇ ದಿನ ದೇಶಕ್ಕೆಲ್ಲ ಬೀಗ ಬಿತ್ತು. ಅದಕ್ಕೂ ಮೊದಲೇ ಸುದ್ದಿ ಕೇಳಿ ನಮ್ಮ ಗುಂಪು ಅರ್ಧ ದಾರಿಯಿಂದ ತಿರುಗಿ ಬಂತು. ಕಂಬಿಯನ್ನು ಗಾಡಿಯಲ್ಲಿ ಮಲಗಿಸಿ ತರುವಾಗ ಹಿರಿಯರೊಬ್ಬರು ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ನನ್ನ ಗಂಟಿನಲ್ಲಿ ಒಂದು ಖಣವಿತ್ತು, ಕುಪ್ಪಸದ ಬಟ್ಟೆ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯ ಮಗಳು, ಅವಳ ಗಂಡ ಮಲ್ಲಯ್ಯ ನಮ್ಮ ಅಳಿಯ ಎಂಬುದು ನಾವು ನಡೆಯುವವರ ನಂಬಿಕೆ. ಯುಗಾದಿಗೆ ತವರಿನಿಂದ ಮಗಳಿಗೆ ಸೀರೆ, ಖಣ, ಅರಿಷಿಣ, ಕುಂಕುಮ ಒಯ್ಯಬೇಕು. ನಾನು ಪ್ರತಿಸಲ ಗುಳೇದಗುಡ್ಡದ ಖಣ ತೆಗೆದು ಇಡುತ್ತೇನೆ. ಆ ವರ್ಷದ್ದು ಕಡುಗೆಂಪು, ಹಸಿರು ದಡಿ. ಪೆಟ್ಟಿಗೆಯಲ್ಲಿ ಇಟ್ಟೆ. ದಿನಾ ತೆಗೆದು ನೋಡುವುದು, ಮತ್ತೆ ಮಡಚಿ ಇಡುವುದು. ಮಗಳಿಗೆ ತಂದದ್ದು ಮುಟ್ಟಲಿಲ್ಲ ಎಂಬ ಸಂಕಟ ಎದೆಯಲ್ಲಿ ಕಲ್ಲಾಗಿ ಕೂತಿತ್ತು.

ಗುಡಿಗಳ ಬಾಗಿಲು ತೆರೆದ ಮೇಲೆ ಒಂದು ಶುಕ್ರವಾರ ಆ ಖಣ ಸೆರಗಿನಲ್ಲಿ ಕಟ್ಟಿಕೊಂಡು ಬನಶಂಕರಿಗೆ ನಡೆದೆ. ಬಾದಾಮಿಯಿಂದ ಚೊಳಚಗುಡ್ಡದ ಬನಶಂಕರಿ ಗುಡಿ 5 ಕಿಲೋಮೀಟರ್. ನೂರಾರು ಸಲ ಟಂಟಂನಲ್ಲಿ ಹೋದ ದಾರಿ. ಮಳೆ ಬಿದ್ದು ಎರಡು ದಿನವಾಗಿತ್ತು. ಮಣ್ಣಿನ ವಾಸನೆ, ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದವರ ದನಿ, ಬೇವಿನ ಕೆಳಗೆ ಉದುರಿದ ಹಣ್ಣು. ನಾನು ಯಾತ್ರೆಯಲ್ಲಿ ನಡೆಯುವ ಹಾಗೆ ನಡೆಯುತ್ತಿದ್ದೆ, ಅದೇ ಹೆಜ್ಜೆ, ಅದೇ ಉಸಿರು. ಅರ್ಧ ದಾರಿಯಲ್ಲಿ ನನ್ನ ಕಡೆ ಕುಪ್ಪಸ ಹೊಲಿಸುವ ಹೆಣ್ಣುಮಗಳೊಬ್ಬಳು ಬದುವಿನ ಮೇಲಿಂದ ಕೂಗಿ ಕೇಳಿದಳು, "ಎಲ್ಲಿಗಿ ಹೊಂಟೀಯಕ್ಕಾ?" "ಮಗಳಿಗೆ ಖಣ ಕೊಡಾಕ" ಅಂದೆ. ಅವಳಿಗೆ ಅರ್ಥವಾಯಿತು. ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು "ನಂದೂ ಇದರಾಗ ಇಡು" ಎಂದು ಕೊಟ್ಟಳು.

ಹರಿದ್ರಾ ತೀರ್ಥದಲ್ಲಿ ಕೈಕಾಲು ತೊಳೆದು, ಕಲ್ಲಿನ ಸಾಲುಮಂಟಪದಲ್ಲಿ ಸ್ವಲ್ಪ ಹೊತ್ತು ಕೂತು, ಒಳಗೆ ಹೋಗಿ ಖಣ ಕೊಟ್ಟೆ. ಬನಶಂಕರಿಯೂ ತಾಯಿಯೇ, ಭ್ರಮರಾಂಬೆಯೂ ತಾಯಿಯೇ. ಯಾರ ಪಾಲು ಯಾರಿಗೆ ಮುಟ್ಟಿತು ಎಂದು ನಾನು ಯೋಚಿಸಲಿಲ್ಲ. ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮನ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು ತಿಂದು ನಡೆದೇ ವಾಪಸು ಬಂದೆ. ಮನೆಗೆ ಬಂದಾಗ ಒಂಬತ್ತು ಗಂಟೆಯೂ ಆಗಿರಲಿಲ್ಲ. ಆವತ್ತು ಮಷಿನ್ ಮುಂದೆ ಕೂತಾಗ ಗೋಡೆ ಗೋಡೆಯಾಗಿಯೇ ಕಂಡಿತು, ಅಷ್ಟೇ. ಬೇಸರ ಇರಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ಬನಶಂಕರಿ. ಉಳಿದ ದಿನ ಊರೊಳಗೆ. ತಂಬಿಗೆ ಬಿಟ್ಟೆ. ಯಾರಾದರೂ ಕೇಳಿದರೆ "ನಡ್ಯಾಕ ಹೊಂಟೀನ್ರಿ" ಎನ್ನುತ್ತೇನೆ. ಈಗ ಯಾರಿಗೂ ಅದು ವಿಚಿತ್ರವಲ್ಲ. ಓಣಿಯ ಇಬ್ಬರು ಜೊತೆಗೂ ಬರುತ್ತಾರೆ.

ಶ್ರೀಶೈಲದ ದಾರಿಯನ್ನು ನಾನು ಏಳು ಸಲ ನೋಡಿದ್ದೇನೆ, ಏಳು ಸಲವೂ ಸುಡು ಬಿಸಿಲಿನಲ್ಲಿ, ಎಲೆ ಉದುರಿದ ಕಾಡಿನಲ್ಲಿ. ಅಲ್ಲಿ ಮಳೆಗಾಲ ಹೇಗಿರುತ್ತದೆಂದು ಕಣ್ಣಾರೆ ಕಂಡಿಲ್ಲ. ನಮ್ಮೂರ ಕೆರೆ ಅಗಸ್ತ್ಯ ತೀರ್ಥದ ದಂಡೆಯನ್ನಾದರೆ ವರ್ಷಪೂರ್ತಿ ನೋಡುತ್ತೇನೆ. ಬೇಸಿಗೆಯಲ್ಲಿ ನೀರು ಇಳಿದು ಮೆಟ್ಟಿಲು ಒಂದೊಂದಾಗಿ ಮೇಲೇಳುತ್ತವೆ. ಜೋರು ಮಳೆ ಬಂದ ಮರುದಿನ ಅಕ್ಕ-ತಂಗಿ ದಿಡಗ ಕೆಂಪು ಬಂಡೆಯಿಂದ ಧುಮುಕುತ್ತದೆ. ಬಟ್ಟೆ ಒಗೆಯುವ ಹೆಂಗಸರ ಸಪ್ಪಳ ಒಂದು ಬಂಡೆಗೆ ಬಡಿದು ಇನ್ನೊಂದರಿಂದ ಮರಳಿ ಬರುತ್ತದೆ, ಚಳಿಗಾಲದ ಬೆಳಿಗ್ಗೆ ಅದು ಇನ್ನೂ ಸ್ಪಷ್ಟ. ಬನಶಂಕರಿ ದಾರಿಯ ಹೊಲದಲ್ಲಿ ಜೋಳ ಮೊಣಕಾಲೆತ್ತರ, ಸೊಂಟದೆತ್ತರ, ತಲೆಯೆತ್ತರ ಆಗುವುದನ್ನು ವಾರವಾರ ಅಳೆಯಬಹುದು. ಸೀತನಿ (ಸುಟ್ಟ ಎಳೆ ಜೋಳದ ಕಾಳು) ಕಾಲಕ್ಕೆ ಯಾರಾದರೂ ಕರೆದು ಕೈತುಂಬ ಕೊಟ್ಟೇ ಕೊಡುತ್ತಾರೆ.

ಒಂದು ಸಂಗತಿ ಹೇಳದಿದ್ದರೆ ಸಮಾಧಾನವಾಗದು. ಕೆರೆಯ ಈಶಾನ್ಯದ ಬಂಡೆಯಲ್ಲಿ, ತಟ್ಟುಕೋಟೆಯ ಕಡೆ, ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 1300 ವರ್ಷದ ಹಿಂದಿನದು. ಶಾಲೆಯಲ್ಲಿ ಹೆಸರು ಓದಿದ್ದೆ, ಅದೇ ಊರಲ್ಲಿ ಬೆಳೆದು ಮುದುಕಿಯಾಗುತ್ತ ಬಂದರೂ ಹತ್ತಿರ ನಿಂತು ನೋಡಿರಲಿಲ್ಲ. ದಿನಾ ನಡೆಯತೊಡಗಿದ ಮೇಲೆ ಒಂದು ದಿನ ಅಲ್ಲಿಗೆ ಹೋದೆ. ಪ್ರವಾಸಿಗರಿಗೆ ವಿವರಿಸುತ್ತಿದ್ದ ಹುಡುಗನೊಬ್ಬ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿ ಇದರಲ್ಲಿದೆ ಎಂದ. ತ್ರಿಪದಿ ಎಂದರೆ ಏನಪ್ಪಾ ಎಂದು ಕೇಳಿದೆ. "ಅಮ್ಮಾ, ಬೀಸುವ ಪದ ಇರ್ತಾವಲ್ಲ, ಮೂರು ಸಾಲಿನವು, ಅದ" ಎಂದ. ನನ್ನ ಅವ್ವ ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದದ್ದು ಅದೇ ಮಟ್ಟು. ಅವಳು ಜೋಳ ಬೀಸುತ್ತಿದ್ದ ಮನೆಯಿಂದ ಆ ಬಂಡೆಗೆ ನಡೆದರೆ ಹೆಚ್ಚು ಹೊತ್ತಾಗದು. ಅವಳಿಗೆ ಇದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಈಗ ಆ ದಾರಿಯಲ್ಲಿ ಹೋದಾಗೆಲ್ಲ ಅವ್ವನ ಒಂದು ಪದ ಗುನುಗುತ್ತೇನೆ.

ತಿಂಗಳಿಗೊಮ್ಮೆ, ಕಾಲು ಗಟ್ಟಿಯಿದ್ದರೆ, ಗುಡ್ಡದ ಕಾಲುದಾರಿ ಹಿಡಿದು ಮಹಾಕೂಟದ ಶಿವನ ಗುಡಿಗಳಿಗೂ ಹೋಗುತ್ತೇವೆ. ಡಾಂಬರು ರಸ್ತೆ ಸುತ್ತುಬಳಸಿ ಹೋಗುತ್ತದೆ, ಗುಡ್ಡದ ಮೇಲಿಂದ ಬಹಳ ಹತ್ತಿರ. ಅಲ್ಲಿನ ಪುಷ್ಕರಣಿಯ ನೀರು ಮುಟ್ಟಿದರೆ ದಣಿವು ಇಳಿಯುತ್ತದೆ. ಅಲ್ಲಿಗೆ ಒಬ್ಬರೇ ಹೋಗಬೇಡಿ, ಮಳೆಯಲ್ಲಿ ಬಂಡೆ ಜಾರುತ್ತದೆ.

ನಿಮ್ಮ ಹುಬ್ಬಳ್ಳಿಯ ಮಾತಿಗೆ ಬರುತ್ತೇನೆ. ಪಾರ್ಕು ಬೇಡ ಎನ್ನುವುದಿಲ್ಲ, ಆದರೆ ನಿಮಗೆ ಸುತ್ತು ಹಿಡಿಸುತ್ತಿಲ್ಲವಾದರೆ ಮನೆಯ ಹೊಸ್ತಿಲಿನಿಂದ ಹೊರಟು ಒಂದು ಜಾಗಕ್ಕೆ ಹೋಗಿ ಮುಟ್ಟಿ. ಸಿದ್ಧಾರೂಢ ಮಠಕ್ಕೆ ಹೋಗಿ. ಇಲ್ಲವೇ ಉಣಕಲ್ಲಿಗೆ ಹೋಗಿ, ಅಲ್ಲಿ ಮನೆಗಳ ನಡುವೆ ಚಾಲುಕ್ಯರ ಕಾಲದ ಚಂದ್ರಮೌಳೀಶ್ವರನ ಗುಡಿ ಇದೆ, ಆಮೇಲೆ ಕೆರೆಯ ದಂಡೆಯಲ್ಲಿ ಕೂತು ಬನ್ನಿ. ಗಾಡಿಯ ಗದ್ದಲವಿರುತ್ತದೆ, ನಿಜ. ಶ್ರೀಶೈಲದ ದಾರಿಯಲ್ಲಿ ರಾಯಚೂರಿನವರೆಗೆ ಲಾರಿಗಳ ಪಕ್ಕದಲ್ಲೇ ನಡೆದವರು ನೀವು, ಅದು ನಿಮಗೆ ಹೊಸದಲ್ಲ. ಯಾತ್ರೆಯಲ್ಲಿ ಹಾಕಿದ ಚಪ್ಪಲಿಯನ್ನೇ ಹಾಕಿಕೊಳ್ಳಿ, ಕಾಲಿಗೆ ಅದರ ನೆನಪಿರುತ್ತದೆ. ಮೊಬೈಲಿನಲ್ಲಿ ಹೆಜ್ಜೆ ಎಣಿಸಬೇಡಿ. ಒಂದೇ ದಾರಿಯನ್ನು ಒಂದು ಮಳೆಗಾಲ, ಒಂದು ಚಳಿಗಾಲ ಬಿಡದೆ ನಡೆಯಿರಿ. ಜೊತೆಗೆ ಯಾತ್ರೆಯಲ್ಲಿ ನಿಮಗೆ ಮಜ್ಜಿಗೆ ಕೊಟ್ಟವರ ಮುಖ ನೆನಪಿಟ್ಟುಕೊಂಡು ನಡೆಯಿರಿ. ಅವರಿಗೆ ನಾವು ತಿರುಗಿ ಏನೂ ಕೊಡಲಾಗದು, ಅವರ ಹೆಸರೂ ಕೇಳಿರುವುದಿಲ್ಲ. ನಾನು ಆ ಮಜ್ಜಿಗೆಯ ಋಣ ತೀರಿಸುತ್ತಿರುವುದು ನನ್ನ ಐದು ಕಿಲೋಮೀಟರಿನ ದಾರಿಯಲ್ಲಿಯೇ.

ಪುಷ್ಯದ ಬನದ ಹುಣ್ಣಿಮೆಗೆ ಬನಶಂಕರಿ ತೇರು. ಅದಕ್ಕೂ ಮೊದಲು ಪಲ್ಯದ ಹಬ್ಬ, ತಾಯಿಗೆ 108 ಬಗೆಯ ಪಲ್ಯದ ನೈವೇದ್ಯ. ಆ ದಿನಗಳಲ್ಲಿ ಎಲ್ಲೆಲ್ಲಿಂದಲೋ ಜನ ನಡೆದು ಬರುತ್ತಾರೆ. ನಾಟಕ ಕಂಪನಿಗಳ ತಂಬೂ ನಿಂತಿರುತ್ತದೆ, ರಸ್ತೆ ತುಂಬ ಚಕ್ಕಡಿ, ಟ್ರ್ಯಾಕ್ಟರ್. ನಾನು ಹಿಂದಿನ ರಾತ್ರಿಯೇ ಮೊಸರು ಕಡೆದು, ಶುಂಠಿ, ಕೊತ್ತಂಬರಿ ಹಾಕಿ, ಎರಡು ಕೊಡ ಮಜ್ಜಿಗೆ ಮಾಡಿಟ್ಟುಕೊಂಡು ನನಗೆ ಎಲೆ ಅಡಿಕೆ ಕೊಟ್ಟ ಆ ಹೆಣ್ಣುಮಗಳ ಹೊಲದ ಹತ್ತಿರ, ಬೇವಿನ ಮರದ ಕೆಳಗೆ ನಿಲ್ಲುತ್ತೇನೆ. ಅವಳೂ ಬರುತ್ತಾಳೆ, ಲೋಟ ತೊಳೆಯುವ ಕೆಲಸ ಅವಳದು.

ಈ ವರ್ಷ ಒಬ್ಬ ಹುಡುಗಿ ಬಂದಳು, ಹದಿನೆಂಟಿರಬಹುದು. ಮೊದಲ ಸಲದ ನಡಿಗೆ ಎಂದು ಕಾಲು ನೋಡಿದರೇ ತಿಳಿಯುತ್ತಿತ್ತು, ಹಿಮ್ಮಡಿಗೆ ಬಟ್ಟೆ ಸುತ್ತಿದ್ದಳು. ಮಜ್ಜಿಗೆ ಕುಡಿದು, ಲೋಟ ಕೊಟ್ಟು, "ಇನ್ನ ಭಾಳ ದೂರ ಐತೇನ್ರೀ ಅಮ್ಮಾರ?" ಎಂದು ಕೇಳಿದಳು. ಆ ದನಿ ನನಗೆ ಗೊತ್ತು. ಭೀಮನ ಕೊಳ್ಳದ ಏರಿನಲ್ಲಿ ನಾನು ಹಾಗೆಯೇ ಕೇಳಿದ್ದೆ, ಮೇಲಿಂದ ಇಳಿದು ಬರುತ್ತಿದ್ದ ಒಬ್ಬ ಅಜ್ಜಿಯನ್ನು.

"ಇಲ್ಲೇ ಐತವ್ವಾ. ಆ ತಿರುವು ದಾಟಿದ ಮ್ಯಾಲ ಬಲಕ್ಕ ಒಂದು ಬಾವಿ, ಅಲ್ಲಿಂದ ಮುಂದ ನೆರಳು ಐತಿ. ನಡಿ, ನಾನೂ ಬರ್ತೀನಿ" ಎಂದು ಕೊಡಗಳನ್ನು ಗೆಳತಿಗೆ ಒಪ್ಪಿಸಿ ಅವಳ ಚೀಲ ಇಸಿದುಕೊಂಡೆ.