ಪ್ರತಿಕ್ರಿಯೆ: ಶಾಜಿ ಎನ್. ಕರುಣ್ ತಮ್ಮ ಚಿತ್ರಗಳಿಗೆ ತಾವೇ ಕ್ಯಾಮೆರಾ ಹಿಡಿದಿದ್ದರೇ?

ಇಲ್ಲ, ಮಲಯಾಳಂನ ಛಾಯಾಗ್ರಾಹಕ, ನಿರ್ದೇಶಕ ಶಾಜಿ ತಾವೇ ನಿರ್ದೇಶಿಸಿದ ಪ್ರಮುಖ ಚಿತ್ರಗಳ ಕ್ಯಾಮೆರಾ ಬೇರೆಯವರದು. 'ಪಿರವಿ'ಗೆ (1988) ಸನ್ನಿ ಜೋಸೆಫ್, 'ವಾನಪ್ರಸ್ಥಂ'ಗೆ (1999) ರೆನಾಟೊ ಬೆರ್ಟಾ ಮತ್ತು ಸಂತೋಷ್ ಶಿವನ್. 'ಕುಟ್ಟಿ ಸ್ರಾಂಕ್'ಗೆ ಅಂಜುಲಿ ಶುಕ್ಲಾ; ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ.

ಶಾಜಿಯವರ ಸ್ವಂತ ಕೈಚಳಕ ನೋಡಬೇಕಾದರೆ ಅವರು ಕ್ಯಾಮೆರಾ ಹಿಡಿದ, ಮಲಯಾಳಂ ನಿರ್ದೇಶಕ ಜಿ. ಅರವಿಂದನ್ ಅವರ ಚಿತ್ರಗಳಿಗೇ ಹೋಗಬೇಕು. ಮೊದಲು ಕಪ್ಪು-ಬಿಳುಪಿನ 'ತಂಪ್' (1978) ನೋಡಿ. ಶಾಜಿಯವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿದ್ದೂ ಅದೇ. ಸರ್ಕಸ್ ನಡೆಯುವಾಗ ಕ್ಯಾಮೆರಾ ಕಲಾವಿದರ ಕಸರತ್ತಿಗಿಂತ ಹೆಚ್ಚಾಗಿ ನೋಡುತ್ತ ಕೂತ ಹಳ್ಳಿಗರ ಮುಖಗಳ ಮೇಲೆ ನಿಲ್ಲುತ್ತದೆ. ಬಾಯಿ ತೆರೆದವರು, ಕಣ್ಣು ಮಿಟುಕಿಸದವರು, ಯಾರೂ ನಟಿಸುತ್ತಿಲ್ಲ. ಆಮೇಲೆ ಬಣ್ಣದ 'ಕುಮ್ಮಾಟಿ' (1979). ಇವೆರಡನ್ನೂ ಹಳೆಯ ಚಿತ್ರಗಳನ್ನು ಸಂರಕ್ಷಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತರ ಸಂಸ್ಥೆಗಳ ಜೊತೆ ಸೇರಿ ಪುನರುಜ್ಜೀವನಗೊಳಿಸಿದೆ. ಆ ಪ್ರತಿಯನ್ನೇ ಹುಡುಕಿ. ಹಳೆಯ ಟೀವಿ ಪ್ರತಿಗಳಲ್ಲಿ ಬಣ್ಣ ಮಾಸಿ, ನೆರಳಿನ ವಿವರವೆಲ್ಲ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ಅದನ್ನು ನೋಡಿ ಛಾಯಾಗ್ರಹಣ ಅಳೆಯಲಾಗದು.

'ಪಿರವಿ' ಕೊನೆಗಿರಲಿ. ಮಗನಿಗಾಗಿ ಬಸ್ಸು ಕಾಯುವ ತಂದೆ, ಮಳೆ, ದೋಣಿ: ಕ್ಯಾಮೆರಾ ಬೇರೆಯವರದಾದರೂ ದೃಶ್ಯದಲ್ಲೇ ಕತೆ ಹೇಳುವ ಪಟ್ಟು ಶಾಜಿಯವರದೇ. 1989ರ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಕ್ಯಾಮೆರಾ ದ'ಓರ್ (ನಿರ್ದೇಶಕರ ಚೊಚ್ಚಲ ಚಿತ್ರಕ್ಕೆ ಕೊಡುವ ಪ್ರಶಸ್ತಿ) ವಿಭಾಗದ ವಿಶೇಷ ಉಲ್ಲೇಖ ಸಿಕ್ಕಿತು. ಅವರದೇ 'ಸ್ವಹಂ' (1994) ಅಲ್ಲಿನ ಮುಖ್ಯ ಸ್ಪರ್ಧೆಗೇ ಹೋಯಿತು.